ರುದ್ರಪ್ಪನವರ ಕೈಗೆ ಕೊಡದ ರಿವಾಲ್ವರ್

ಎರಡು ರಿವಾಲ್ವರುಗಳಲ್ಲಿ ಯಾವುದರ ಹಿಡಿ ವಾಸಿ? ಈ ಒಂದೇ ಪ್ರಶ್ನೆ ಇಟ್ಟುಕೊಂಡು ಹಿಂದೂಪುರದ ನಮ್ಮ ತಾತ ಮತ್ತು ಅವರ ಗೆಳೆಯ ಕಲ್ಯಾಣದುರ್ಗದ ರುದ್ರಪ್ಪನವರು ಮೀಸೆ ಕಪ್ಪಗಿದ್ದಾಗಿನಿಂದ ಬೆಳ್ಳಗಾಗುವವರೆಗೆ ಜಗಳವಾಡಿದರು. ಮದುವೆ ಮನೆಗಳಲ್ಲಿ ಆಡಿದರು. ತಿಥಿ ಮನೆಗಳಲ್ಲಿ ಆಡಿದರು. ನಮ್ಮ ಮಂಡಿಯಲ್ಲಿ ಹುಣಸೆಹಣ್ಣಿನ ಮೂಟೆಗಳ ಮೇಲೆ ಎದುರುಬದುರು ಕೂತು, ಗಿರಾಕಿಗಳನ್ನು ಕಾಯಿಸಿಕೊಂಡು ಆಡಿದರು.

ಜಗಳ ಯಾರು ಆಡುವುದಿಲ್ಲ ಅನ್ನುತ್ತೀರಾ? ಒಪ್ಪಿದೆ. ಆದರೆ ಈ ಜಗಳದಲ್ಲಿ ಒಂದು ವಿಶೇಷವಿತ್ತು. ಇಬ್ಬರಲ್ಲಿ ಒಬ್ಬರೂ ಇನ್ನೊಬ್ಬರ ರಿವಾಲ್ವರನ್ನು ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಕಾಲೇಜಿನ ಚರ್ಚಾಕೂಟದಲ್ಲಿ ಯಾರಾದರೂ ಹೀಗೆ ವಾದ ಮಾಡಿದ್ದರೆ ಅಧ್ಯಕ್ಷರು ಗಂಟೆ ಬಾರಿಸಿ ಕೂರಿಸುತ್ತಿದ್ದರು. ಮನೆಯಲ್ಲಿ ಗಂಟೆ ಬಾರಿಸುವವರು ಯಾರು?

ಕತೆ ಇಷ್ಟು. ಬಹಳ ಹಿಂದೆ ಒಬ್ಬ ಬಿಳಿ ಎಂಜಿನಿಯರ್ ಊರು ಬಿಟ್ಟು ಹೊರಟಾಗ ಮನೆಯ ಸಾಮಾನೆಲ್ಲ ಹರಾಜಿಗೆ ಬಂತು. ಬಟ್ಟೆಯಲ್ಲಿ ಸುತ್ತಿದ್ದ ಎರಡು ಹಳೆಯ ರಿವಾಲ್ವರುಗಳನ್ನು ಈ ಇಬ್ಬರು ಗೆಳೆಯರು ಕೂಡಿ ಕೊಂಡರು. ಈಗಿನ ಹಾಗೆ ತೋಟಾ ತುಂಬುವಂಥವಲ್ಲ. ತಿರುಗುವ ಉರುಳೆಯ ಒಂದೊಂದು ಮನೆಗೂ ಮದ್ದು ಸುರಿದು, ಸೀಸದ ಗುಂಡು ಗಿಡಿದು, ಹಿಂದೆ ಕಿಡಿ ಹಾರಿಸುವ ಕೇಪು ಸಿಕ್ಕಿಸಬೇಕು. (ಇಷ್ಟು ಮಾಡಿ ಮುಗಿಸುವಷ್ಟರಲ್ಲಿ ಕಳ್ಳ ಪಾವಗಡ ದಾಟಿರುತ್ತಾನೆ ಎಂದು ಅಜ್ಜಿ ಹೇಳುತ್ತಿದ್ದರು.) ಹಂಚಿಕೊಳ್ಳುವುದು ಹೇಗೆ? ಗಂಟು ಬಿಚ್ಚದೆ ಒಬ್ಬರು ಬೆನ್ನ ಹಿಂದೆ ಹಿಡಿದು ಇನ್ನೊಬ್ಬರನ್ನು ಕೇಳಿದರು. ಎಡವೋ ಬಲವೋ? ಸಿಕ್ಕಿದ್ದನ್ನು ತೆಗೆದುಕೊಂಡು ತಂತಮ್ಮ ಊರಿಗೆ ಹೋದರು. ಆ ವರ್ಷದ ಆಯುಧಪೂಜೆಗೆ ಇಬ್ಬರೂ ವಿಭೂತಿ, ಕುಂಕುಮ ಇಟ್ಟು ಪೂಜೆ ಮಾಡಿದರು.

ಅಲ್ಲಿಗೆ ಕತೆ ಗಂಟು ಬಿತ್ತು. ಏಕೆಂದರೆ ನಮ್ಮ ಮನೆತನಗಳಲ್ಲಿ ಒಂದು ನೇಮ ಉಂಟು. ಪೂಜೆ ಕಂಡ ಆಯುಧವನ್ನು ಬೇರೆ ಮನೆಯವನ ಕೈಗೆ ಕೊಡಬಾರದು. ಕೊಟ್ಟರೆ ಕೊಟ್ಟವನ ಮನೆಯ ಧೈರ್ಯ ಅದರ ಜೊತೆಗೇ ಹೋಗುತ್ತದಂತೆ. ತೋರಿಸಬಹುದು. ಹೊಗಳಿಕೊಳ್ಳಬಹುದು. ಕೊಡುವ ಹಾಗಿಲ್ಲ.

ತಾತನ ಪಾಲಿಗೆ ಬಂದದ್ದು ಸಪೂರ ಹಿಡಿಯದು. ಕೆಳಗೆ ಕೊಕ್ಕಿನ ಹಾಗೆ ಬಾಗಿದ ನುಣುಪಾದ ಮರ, ಉದ್ದನೆಯ ನಳಿಗೆ, ಆರು ಮನೆಯ ಉರುಳೆ. ಪ್ರತಿ ಸಲ ಕೇಪಿಗೆ ಬಡಿಯುವ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದು ನಿಲ್ಲಿಸಬೇಕು. ರುದ್ರಪ್ಪನವರದು ದಪ್ಪ ಹಿಡಿಯದು. ಮರದ ಮೇಲೆ ಕರಕರ ಗೀರು, ಹೆಬ್ಬೆರಳ ಬುಡ ಮೇಲಕ್ಕೆ ಜಾರದಂತೆ ಹಿಂದುಗಡೆ ಒಂದು ಉಬ್ಬು, ಐದು ಮನೆ. ಕುದುರೆ ಎಳೆಯುವ ಕೆಲಸವೇ ಇಲ್ಲ, ಬರೀ ಟ್ರಿಗರ್ ಒತ್ತಿದರೆ ಸಾಕು. ಆದರೆ ಆ ಟ್ರಿಗರು ಬಾವಿ ರಾಟೆಯಷ್ಟು ಬಿಗಿ.

“ನಂದು ಕೈಯಾಗೆ ಕೂತ್ರೆ ಮದುವೆ ಹೆಣ್ಣು ಕೂತಂಗೆ ಕಣ್ಲಾ,” ಎನ್ನುತ್ತಿದ್ದರು ತಾತ.

“ಗುಂಡು ಹಾರ್ದೇಟ್ಗೆ ನಿನ್ ಮದುವೆ ಹೆಣ್ಣು ಕೈಯಾಗೆ ತಿರುಗಿ ಆಕಾಶ ನೋಡ್ತಾಳೆ. ನಂದು ಅಲ್ಲಾಡಾಕಿಲ್ಲ!” ಎನ್ನುತ್ತಿದ್ದರು ರುದ್ರಪ್ಪನವರು.

ಇಬ್ಬರ ಮಾತಿನಲ್ಲೂ ನಿಜವಿತ್ತು. ಬಾಗಿದ ಹಿಡಿ ಅಂಗೈಯಲ್ಲಿ ಉರುಳುತ್ತದೆ, ಉಬ್ಬಿನ ಹಿಡಿ ನಿಲ್ಲುತ್ತದೆ. ಆದರೆ ಹಿಡಿಯ ಗುಣ ಹಿಡಿಯಲ್ಲಿ ಮಾತ್ರ ಇರುತ್ತದೆಯೇ? ಕೈ ಯಾರದು ಎಂದು ಕೇಳಬೇಡವೇ? ನಮ್ಮ ತಾತನದು ಮೊರದಗಲ ಕೈ. ಆ ಸಪೂರ ಹಿಡಿಯಲ್ಲಿ ಅವರ ಕಿರುಬೆರಳಿಗೆ ಜಾಗವೇ ಇಲ್ಲದೆ ಕೆಳಗೆ ಜೋತಾಡುತ್ತಿತ್ತು. ಅದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ರುದ್ರಪ್ಪನವರದು ಪುಟ್ಟ ಕೈ. ಅವರ ಟ್ರಿಗರು ಅವರಿಗೇ ಬಗ್ಗುತ್ತಿರಲಿಲ್ಲ, ಎರಡು ಬೆರಳು ಹಾಕಿ ಎಳೆಯುತ್ತಿದ್ದರು. ಕೇಳಿದರೆ, “ದೊಡ್ಡ ಆಯುಧ ಕಣಪ್ಪ, ಮರ್ಯಾದೆ ಕೇಳ್ತೈತೆ” ಎನ್ನುವರು.

ಹೋದ ವರ್ಷ ಒಂದು ಮದುವೆಯಲ್ಲಿ ಮಾತು ಅಳತೆ ಮೀರಿತು. ಬೀಗರೆಲ್ಲ ಕೂತಿದ್ದಾಗ ರುದ್ರಪ್ಪನವರು ತಾತನ ಕಡೆ ಕೈ ತೋರಿಸಿ, “ನಮ್ಮ ಚನ್ನಬಸಪ್ಪಂದು ಪಿಸ್ತೂಲಲ್ಲ, ಹೆಂಗಸ್ರ ಕೈಬಳೆ” ಎಂದರು. ತಾತ, “ನಿಂದು ಒನಕೆ. ರಾಗಿ ಕುಟ್ಟು ಹೋಗು” ಎಂದು ಎಲೆ ಮುಂದಿನಿಂದ ಎದ್ದು ಬಂದರು. ಅಲ್ಲಿಂದ ಹೋಗಿಬರುವುದು ನಿಂತಿತು.

ಈ ಶ್ರಾವಣದಲ್ಲಿ ರುದ್ರಪ್ಪನವರ ಮಗ ಮಲ್ಲಣ್ಣ ನಮ್ಮ ಮಂಡಿಗೆ ಬಂದ. ಹುಣಸೆಹಣ್ಣಿಗಲ್ಲ.

“ಅಪ್ಪುಂಗೆ ಲಕ್ವ ಹೊಡೆದ್ಬುಟ್ಟೈತೆ ದೊಡ್ಡಪ್ಪ. ಬಲಗೈ ಸೋತೈತೆ. ಲೋಟ ಹಿಡೀತಾನೆ, ಮುದ್ದೆ ಮುರೀತಾನೆ, ಅಷ್ಟೇಯ. ‘ಈ ಕೈ ಇರಾಗಂಟ ಒಂದ್ಸಾರಿ ಚನ್ನನ ಪಿಸ್ತೂಲು ಹಿಡಿದು ನೋಡ್ಬೇಕು’ ಅಂತಾನೆ. ‘ನಾನು ಸೋತ್ರೆ ಸೋತೆ ಅಂತ ಒಪ್ಕೊತೀನಿ, ಹೇಳು’ ಅಂತಾನೆ.”

ತಾತ ತಕ್ಕಡಿಯ ತಟ್ಟೆ ಕೆಳಗಿಟ್ಟರು. ಆಮೇಲೆ, “ನಾನು ಬತ್ತೀನಿ ಅಂತ ಹೇಳು. ಅದು ಬರಾಕಿಲ್ಲ. ಪೂಜೆ ಆಗೈತೆ” ಎಂದರು.

ಇಲ್ಲಿ ನಾನು ಪ್ರವೇಶಿಸಿದೆ. (ಈ ಅಂಕಣದ ಓದುಗರಿಗೆ ನನ್ನ ಸ್ವಭಾವ ಗೊತ್ತು. ಎಲ್ಲಿ ವಾದಕ್ಕೆ ಎಡೆಯುಂಟೋ ಅಲ್ಲಿ ಕುರ್ಚಿ ಹಾಕಿಕೊಂಡು ಕೂರುವವನು.)

“ತಾತ, ತಕ್ಕಡಿಗೂ ಪೂಜೆ ಆಗುತ್ತೆ. ಅದನ್ನ ದಿನಾ ಗುಮಾಸ್ತನ ಕೈಗೆ ಕೊಡ್ತೀರಲ್ಲ?”

“ತಕ್ಕಡಿ ಜೀವ ತೆಗ್ಯಾಕಿಲ್ಲ ಕಣಪ್ಪ.”

“ಯಾರು ಹೇಳಿದ್ದು? ನಮ್ಮ ಗಿರಾಕಿಗಳನ್ನ ಕೇಳಿ ನೋಡಿ.”

ಮಂಡಿಯಲ್ಲಿದ್ದವರು ನಕ್ಕರು. ತಾತ ನಗಲಿಲ್ಲ. ನನಗೆ ನಗುವೇ ಸಾಕಿತ್ತು, ಪಾಯಿಂಟ್ ಬಂತು ಅಂದುಕೊಂಡೆ. ಮರುದಿನ ಇನ್ನೊಂದು ವಾದ: ಹರಾಜಿಗೆ ಮುಂಚೆ ಆ ಬಿಳಿಯನ ಕೈಯಲ್ಲಿತ್ತಲ್ಲ, ಅವನ ಮನೆಯ ಧೈರ್ಯ ನಮಗೆ ಬಂತೇ? ಬಂದಿದ್ದರೆ ನೀವು ಹಲ್ಲಿಗೆ ಏಕೆ ಹೆದರುತ್ತೀರಿ? ಅದರ ಮರುದಿನ ಮತ್ತೊಂದು. ಒಂದೊಂದು ವಾದಕ್ಕೂ ತಾತನ ಹತ್ತಿರ ಉತ್ತರವಿರಲಿಲ್ಲ. ಉತ್ತರವಿಲ್ಲದ ಮನುಷ್ಯ ಏನು ಮಾಡುತ್ತಾನೆ? ಒಪ್ಪುತ್ತಾನೆ ಎಂದು ಕಾಲೇಜಿನ ಚರ್ಚಾಕೂಟದಲ್ಲಿ ನನಗೆ ಕಲಿಸಿದ್ದರು. ತಾತ ರಿವಾಲ್ವರನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದರು.

ಶ್ರಾವಣ ಕಳೆಯಿತು. ಗಣೇಶನ ಹಬ್ಬವೂ ಹೋಯಿತು.

ಒಂದು ಮಧ್ಯಾಹ್ನ ನಾವಿಬ್ಬರೂ ಹೀಗೇ ಕಾದಾಡುತ್ತಿದ್ದಾಗ ನೆನೆಸಿದ ಅವರೆಕಾಳು ಹಿಸುಕುತ್ತ ಕೂತಿದ್ದ ಅಜ್ಜಿ ತಲೆ ಎತ್ತಿದರು.

“ಏನ್ ಗೋಳು ನಿಮ್ಮಿಬ್ರುದೂ! ಪೂಜೆ ವರ್ಷಕ್ಕೊಂದ್ಸಾರಿ ತಾನೆ ಮಾಡೋದು? ಈ ಹಬ್ಬಕ್ಕೆ ಅದನ್ನ ದೇವ್ರ ಮುಂದೆ ಇಡಬ್ಯಾಡಿ. ಹಬ್ಬ ದಾಟ್ತಲೂ ಅದು ಬರೀ ಕಬ್ಬಿಣ. ತಗೊಂಡೋಗಿ ರುದ್ರಪ್ಪಣ್ಣನ ಕೈಗೆ ಕೊಡಿ.”

ತಾತನ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು. “ಹೌದಲ್ಲೇ!” ಎಂದರು. ಅವರಿಗೆ ಕೊಡುವ ಆಸೆ ಮೊದಲಿನಿಂದಲೂ ಇತ್ತು. ಬೇಕಾಗಿದ್ದದ್ದು ಬಾಗಿಲು. ನಾನು ಗೋಡೆ ಕೆಡವಲು ಹೊರಟಿದ್ದೆ.

ಆಯುಧಪೂಜೆಯ ದಿನ ತಕ್ಕಡಿ, ಕುಡುಗೋಲು, ಅಜ್ಜಿಯ ಈಳಿಗೆಮಣೆ, ನನ್ನ ಫೌಂಟನ್ ಪೆನ್ನು, ಎಲ್ಲಕ್ಕೂ ಹೂವು ಬಿತ್ತು. ರಿವಾಲ್ವರು ಟ್ರಂಕಿನಲ್ಲೇ ಉಳಿಯಿತು. ಹಬ್ಬ ಮುಗಿದ ಮೊದಲ ಬಸ್ಸಿಗೆ ನಾನೂ ತಾತನೂ ಹೊರಟೆವು. ಪಾವಗಡದಲ್ಲಿ ಬಸ್ಸು ಬದಲಾಯಿಸಬೇಕು. ಪಾವಗಡವೋ ಮೈಸೂರು ಸೀಮೆ. ನಮ್ಮ ಲೈಸೆನ್ಸೋ ಮದರಾಸು ಸರ್ಕಾರದ್ದು, ಅಲ್ಲಿ ನಡೆಯುವುದಿಲ್ಲ. ಹುಣಸೆಹಣ್ಣಿನ ಬುಟ್ಟಿಯ ತಳದಲ್ಲಿ ರಿವಾಲ್ವರು, ಬುಟ್ಟಿ ತಾತನ ತೊಡೆಯ ಮೇಲೆ. ಪೊಲೀಸಿನವನೊಬ್ಬ ಹತ್ತಿ ಪಕ್ಕದಲ್ಲೇ ಕೂತು, “ಏಮಿ ಪೆದ್ದಾಯನಾ, ಚಿಂತಪಂಡಾ?” ಎಂದು ತೆಲುಗಿನಲ್ಲಿ ಹುಣಸೆಹಣ್ಣನ್ನು ವಿಚಾರಿಸುತ್ತ ಬುಟ್ಟಿಗೆ ಕೈ ಹಾಕಿದ. ತಾತ ತಾವೇ ಮೇಲಿನಿಂದ ಒಂದು ಉಂಡೆ ತೆಗೆದು ಅವನ ಅಂಗೈಗೆ ಒತ್ತಿದರು. ಅವನು ದಾರಿಯುದ್ದಕ್ಕೂ ಚೀಪುತ್ತ ಬಂದ.

“ನಿನ್ ಸೋಲು ನಿನ್ ಕೈಯಾಗೇ ಕೊಡ್ತೀನಿ ಕಣ್ಲಾ ಅಂತೀನಿ,” ತಾತ ಬಸ್ಸಿನಲ್ಲಿ ನನಗೆ ಹೇಳಿದರು. ಏನು ಹೇಳಬೇಕು, ಹೇಗೆ ಹೇಳಬೇಕು ಎಂದು ದಾರಿಯಲ್ಲೆಲ್ಲ ತಾಲೀಮು ನಡೆಸಿದರು.

ಕಲ್ಯಾಣದುರ್ಗದಲ್ಲಿ ಮಲ್ಲಣ್ಣ ಬಾಗಿಲಲ್ಲೇ ಸಿಕ್ಕ. ಕಡಲೆಕಾಯಿ ರಾಶಿಯ ಪಕ್ಕ ನಮ್ಮನ್ನು ನಿಲ್ಲಿಸಿ ಮೆಲ್ಲಗೆ ಹೇಳಿದ. ಹಬ್ಬಕ್ಕೆ ಮುಂಚೆ ಇನ್ನೊಂದು ಸಲ ಲಕ್ವ ಹೊಡೆದಿತ್ತು. ಬಲಗೈ ಪೂರ್ತಿ ಹೋಗಿತ್ತು.

ರುದ್ರಪ್ಪನವರು ಗೋಡೆಗೆ ಒರಗಿ ಕೂತಿದ್ದರು. ಮಾತು ಸ್ವಲ್ಪ ತೊದಲುತ್ತಿತ್ತು, ಮೊನಚು ಹಾಗೇ ಇತ್ತು.

“ಬಂದ್ಯಾ? ಬಳೆ ತಂದ್ಯಾ?”

ತಾತ ತಾಲೀಮು ಮಾಡಿದ್ದ ಮಾತು ಬರಲಿಲ್ಲ. ಬುಟ್ಟಿಯಿಂದ ತೆಗೆದು, ಹುಣಸೆನಾರು ಒರೆಸಿ, ಹಿಡಿ ಮುಂದೆ ಮಾಡಿ ನೀಡಿದರು. ರುದ್ರಪ್ಪನವರ ಎಡಗೈ ಅರ್ಧ ಎದ್ದು, ಮತ್ತೆ ಇಳಿಯಿತು.

“ಎಡಗೈಲಿ ಹಿಡಿದು ತೀರ್ಪು ಹೇಳೋದು ಮೋಸ ಕಣ್ಲಾ. ಮೊದ್ಲು ನೀನು ನಂದು ಹಿಡಿ. ಈ ವರ್ಷ ಅದ್ಕೂ ಪೂಜೆ ಇಲ್ಲ. ಯಾರು ಮಾಡೋರು?”

ಮಲ್ಲಣ್ಣ ತಂದುಕೊಟ್ಟ. ತಾತ ಹಿಡಿದರು. ನಾನು ಅವರ ಕಿರುಬೆರಳನ್ನೇ ನೋಡುತ್ತಿದ್ದೆ. ಅದು ಕೆಳಗೆ ಜೋತಾಡಲಿಲ್ಲ. ಉಳಿದ ಬೆರಳುಗಳ ಪಕ್ಕ ಮರದ ಮೇಲೆ ಹೋಗಿ ಮಲಗಿತು. ಉಬ್ಬು ಹೆಬ್ಬೆರಳ ಬುಡಕ್ಕೆ ಸರಿಯಾಗಿ ಕೂತಿತು. ತಾತ ಟ್ರಿಗರ್ ಒತ್ತಿದರು. ಬಾವಿ ರಾಟೆಯಷ್ಟು ಬಿಗಿಯಾದದ್ದು ಒಂದೇ ಬೆರಳಿಗೆ ಬಗ್ಗಿತು. ಖಾಲಿ ಉರುಳೆ ಒಂದು ಮನೆ ತಿರುಗಿತು.

“ಎಂಗೈತೆ?” ಎಂದರು ರುದ್ರಪ್ಪನವರು.

“ಒನಕೆ ಕಣ್ಲಾ,” ಎಂದರು ತಾತ. “ಒನಕೆ.”

“ಸುಳ್ಳ! ನಿನ್ ಕಿರುಬೆಳ್ಳು ನೋಡ್ಬುಟ್ಟೆ ನಾನು.” ಬಾಯಿಯ ಒಂದು ಕಡೆ ಮಾತ್ರ ನಕ್ಕಿತು.

ತಾತ ಅವರ ಪಕ್ಕ ಕೂತರು. ಸತ್ತ ಬಲಗೈಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಸಪೂರ ಹಿಡಿಯನ್ನು ಅಂಗೈಯಲ್ಲಿಟ್ಟು ಒಂದೊಂದೇ ಬೆರಳು ಮಡಿಸಿ, ಮೇಲೆ ತಮ್ಮ ಮೊರದಗಲ ಕೈ ಮುಚ್ಚಿ ಹಿಡಿದರು. ಪುಟ್ಟ ಬೆರಳುಗಳು ಹಿಡಿಯ ಸುತ್ತ ಪೂರ್ತಿ ಬಂದವು. ಆ ಕೈಗೆಂದೇ ಕೆತ್ತಿದ ಹಾಗಿತ್ತು. ಮೆಲ್ಲಗೆ ತಮ್ಮ ಕೈ ಬಿಟ್ಟರು. ಬೆರಳು ಬಿಚ್ಚಿಕೊಂಡು ರಿವಾಲ್ವರು ಕಂಬಳಿಯ ಮೇಲೆ ಬಿತ್ತು. ಮತ್ತೆ ಎತ್ತಿಟ್ಟರು. ಮತ್ತೆ ಮಡಿಸಿದರು.

“ಹೇಳ್ಲಾ. ಎಂಗೈತೆ?”

ರುದ್ರಪ್ಪನವರು ತಮ್ಮ ಕೈಯನ್ನು ಯಾರದೋ ಕೈ ಎಂಬಂತೆ ನೋಡಿದರು.

“ಕಣ್ಣಿಗೆ ಸರಿಯಾಗೈತೆ. ಕೈಗೆ ಗೊತ್ತಾಗ್ತಿಲ್ಲ ಕಣ್ಲಾ ಚನ್ನ.”

 

ಹೊರಡುವಾಗ ರುದ್ರಪ್ಪನವರು, ಅದಲುಬದಲು ಮಾಡಿಕೊಂಡು ಹೋಗು ಎಂದರು. ತಾತ ಒಪ್ಪಲಿಲ್ಲ. ತಮ್ಮದನ್ನೇ ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಮನೆಯಲ್ಲಿ ಅಜ್ಜಿ ಏಕೆಂದು ಕೇಳಿದ್ದಕ್ಕೆ, “ಅವುಂದು ತಂದಿಟ್ಕೊಂಡು ಯಾರ ತಾವ ಜಗಳ ಆಡ್ಲಿ?” ಎಂದು ಟ್ರಂಕಿಗೆ ಬೀಗ ಹಾಕಿದರು.

ಶ್ರಾವಣದಲ್ಲಿ ಆ ಕೈ ಲೋಟ ಹಿಡಿಯುತ್ತಿತ್ತು, ಮುದ್ದೆ ಮುರಿಯುತ್ತಿತ್ತು. ನಾವು ಶ್ರಾವಣದಲ್ಲಿ ಏನು ಮಾಡುತ್ತಿದ್ದೆವು? ನೇಮ ಕಾಯುತ್ತಿದ್ದರು ಒಬ್ಬರು. ನೇಮ ಮುರಿಯುತ್ತಿದ್ದೆ ನಾನು. ಇಬ್ಬರೂ ಗೆದ್ದೆವು ಅಂದುಕೊಳ್ಳಿ. ಬಸ್ಸು ಮಾತ್ರ ದಿನವೂ ಖಾಲಿ ಸೀಟು ಹೊತ್ತುಕೊಂಡು ಪಾವಗಡದ ಕಡೆಗೆ ಹೋಗುತ್ತಿತ್ತು.

ಈಗ ನಮ್ಮೂರ ಕಾಫಿ ಹೋಟೆಲಿನಲ್ಲಿ ಬೆಳಗಾದರೆ ಒಂದೇ ಗಲಾಟೆ. ಹಿಂದೂಪುರ ಯಾವ ಸೀಮೆಗೆ ಸೇರಬೇಕು, ತೆಲುಗು ಮೇಲೋ ಕನ್ನಡ ಮೇಲೋ, ಅವರ ಪಕ್ಷವೋ ಇವರ ಪಕ್ಷವೋ. ಮೊನ್ನೆ ಒಬ್ಬರು ಮೇಜು ಗುದ್ದಿ, “ನೀನು ಡಿಬೇಟರ್ ಅಲ್ಲವೇನಯ್ಯಾ, ನೀನು ಹೇಳು ಯಾವುದು ವಾಸಿ” ಎಂದರು.

ನಾನು ಕೇಳಿದ್ದು ಇಷ್ಟೇ: ಸ್ವಾಮಿ, ಕೈ ಇನ್ನೂ ಮಡಿಸಲು ಬರುತ್ತಿದೆಯಲ್ಲ, ಎದುರಿಗಿರುವವನದನ್ನು ಒಂದು ಸಲ ಹಿಡಿದು ನೋಡಬಾರದೇ?