ಅತ್ತೆ ತುಂಬಿಕೊಟ್ಟ ಬಾಟಲಿ

ಗಡಹಿಂಗ್ಲಜದ ನೂತನ ಕೂತಲ್ಲಿ ಕೂರುವವಳಲ್ಲ. ಕೊಲ್ಲಾಪುರದ ಪ್ರಯೋಗಾಲಯವೊಂದಕ್ಕೆ ಊರೂರು ಸುತ್ತಿ ಬೋರ್‌ವೆಲ್ ನೀರು ತಂದುಕೊಡುವ ಕೆಲಸ ಅವಳ ಕಾಲಿಗೆ ಹೇಳಿ ಮಾಡಿಸಿದಂತಿತ್ತು. ನೆಲದಡಿಯ ಬಂಡೆಯಿಂದ ರೇಡಾನ್ ಎಂಬ ವಿಕಿರಣದ ಅನಿಲ ಕೆಲವು ಬೋರುಗಳ ನೀರಿಗೆ ಸೇರುತ್ತದೆ. ಬಣ್ಣವಿಲ್ಲ, ರುಚಿಯಿಲ್ಲ, ವರ್ಷಗಟ್ಟಲೆ ಮೈಸೇರಿದರೆ ಕ್ಯಾನ್ಸರಿನ ಭಯ. ಗಾಳಿ ಸೋಕಿದರೆ ಹಾರಿಹೋಗುವ ಅನಿಲವದು. ಅದಕ್ಕೇ ಅವಳು ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತಾನೇ ತುಂಬಿ ಬಿಗಿಯುತ್ತಿದ್ದಳು. ಬೇರೆಯವರ ಕೈಗೆ ಬಾಟಲಿ ಕೊಟ್ಟದ್ದು ಒಂದೇ ಸಲ, ಅದೂ ತನ್ನ ಮನೆಯಲ್ಲಿ.

ಅಂದು ಬಸ್ಸಿಗೆ ಹೊತ್ತಾಗಿತ್ತು. ಸೀರೆ ಉಡುತ್ತಲೇ, ನಮ್ಮ ಬೋರಿನ ನೀರು ಬಾಟಲಿಗೆ ತುಂಬಿಡಿ ಎಂದು ಅತ್ತೆ ಜಿನಮತಿಗೆ ಕೂಗಿ ಹೇಳಿದಳು. ಬಾಟಲಿ ಕೊಲ್ಲಾಪುರಕ್ಕೆ ಹೋಯಿತು, ನೀರು ಚೆನ್ನಾಗಿದೆಯೆಂದು ವರದಿ ಬಂತು. ಆ ಬೋರು ಪಕ್ಕದ ಯಮುನಾಬಾಯಿಯ ಮನೆಗೂ ಸೇರಿದ್ದು. ಅವರ ಸೊಸೆ ಸ್ನೇಹಲ ಬಸುರಿ ಎಂದು ಕ್ಯಾನ್ ನೀರು ತರಿಸುತ್ತಿದ್ದರು. ಅದೆಲ್ಲ ಯಾಕೆ, ನಿಶ್ಚಿಂತೆಯಿಂದ ಬೋರಿನದೇ ಕುಡಿಯಿರಿ ಎಂದವಳು ನೂತನಳೇ. ಎಷ್ಟು ಜಂಬದಿಂದ ಹೇಳಿದ್ದಳೋ!

ಒಂದು ಬೆಳಿಗ್ಗೆ ಅತ್ತೆ ಬಟ್ಟೆಯಲ್ಲಿ ನೀರು ಸೋಸುತ್ತ ಸಹಜವಾಗಿ ಅಂದಳು: “ನಿನ್ನ ಆ ಬಾಟ್ಲಿಗೂ ಕಾಯಿಸಿ ಆರಿಸಿದ ನೀರ ಹಾಕಿದ್ದೆ. ಸೋಸಲಾರದ್ದು, ಕಾಯಿಸಲಾರದ್ದು ಮಂದಿಗೆ ಹೆಂಗ ಕೊಡೂದು? ಪಾಪ ಅಲ್ಲೇನು?”

ಕುದಿಸಿದ ನೀರಿನಲ್ಲಿ ಎಲ್ಲಿಯ ರೇಡಾನ್? ನೂತನಳಿಗೆ ಸಿಟ್ಟು ಅತ್ತೆಯ ಮೇಲಲ್ಲ, ತನ್ನ ಮೇಲೆಯೇ ಬಂತು. ಸೋಸಿ ಕಾಯಿಸದ ನೀರು ಮುಟ್ಟದ ಜೈನರ ಈ ಮನೆಯ ರೀತಿ ಗೊತ್ತಿಲ್ಲದವಳೇ ತಾನು? ಅವತ್ತೇ ನೀರು ತುಂಬಿಕೊಂಡು ಕೊಲ್ಲಾಪುರಕ್ಕೆ ಓಡಿದಳು. ಖಾತ್ರಿಯಾಗಲಿ ಎಂದು ಫಲಿತಾಂಶ ಬರುವವರೆಗೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಆದರೆ ಪಕ್ಕದ ಮನೆಯ ನಲ್ಲಿ ಸದ್ದಾದಾಗಲೆಲ್ಲ ಬೆಚ್ಚಿ ಬೀಳುತ್ತಿದ್ದಳು. ಒಳಗೂ ಹೊರಗೂ ಶತಪಥ ತುಳಿದು ಅತ್ತೆಯಿಂದ ಬೈಸಿಕೊಂಡಳು.

ಕೊನೆಗೆ ಪ್ರಯೋಗಾಲಯದ ಸುಕುಮಾರ ಸರ್ ಫೋನ್ ಮಾಡಿದರು. ರೇಡಾನ್ ಮಿತಿಗಿಂತ ಬಹಳ ಮೇಲಿತ್ತು. ತಾವೇ ಮುಂದಿನ ವಾರ ಬಂದು ತಿಳಿಸಿ ಹೇಳುವುದಾಗಿಯೂ ಅಲ್ಲಿಯವರೆಗೆ ಯಾರನ್ನೂ ಹೆದರಿಸಬಾರದೆಂದೂ ಹೇಳಿದರು. ನೂತನ ಫೋನಿಟ್ಟವಳೇ ಪಕ್ಕದ ಮನೆಯ ಮೆಟ್ಟಿಲು ಹತ್ತಿದಳು.

ಬಂದವರಿಗೆ ಮೊದಲು ನೀರು ಕೊಡುವುದು ರೂಢಿ. ಸ್ನೇಹಲ ಸೊಂಟದ ಮೇಲೆ ಕೈಯಿಟ್ಟುಕೊಂಡೇ ತಂಬಿಗೆ ತಂದಿಟ್ಟಳು. ಯಮುನಾಬಾಯಿ ನಕ್ಕಳು. “ದಿನಾ ಬ್ಯಾಡ ಅಂತಿ, ಇವತ್ತರ ಕುಡಿಯವ್ವಾ. ನೀನ ಪಾಸ್ ಮಾಡಿದ ನೀರ.”

“ಕಾಕೂ, ಇದನ್ನ ಯಾರೂ ಕುಡೀಬ್ಯಾಡ್ರಿ. ನಾ ಹೇಳಿದ್ದು ತಪ್ಪಾಗೇತಿ.”

ಬಾಟಲಿಯ ಕಥೆಯನ್ನೆಲ್ಲ ಹೇಳಿದಳು. ಕಿಟಕಿ ತೆರೆದು ಚೆನ್ನಾಗಿ ಕುದಿಸಿದರೆ ಅನಿಲ ಹೋಗುತ್ತದೆ, ಡಾಕ್ಟರರ ಹತ್ತಿರ ತಾನೂ ಜೊತೆಗೆ ಬರುತ್ತೇನೆ ಎಂದೂ ಹೇಳಿದಳು. ಯಮುನಾಬಾಯಿ ಬೈಯಲಿಲ್ಲ. ಸೊಸೆಯ ಹೊಟ್ಟೆಯ ಕಡೆ ನೋಡುತ್ತ ತಂಬಿಗೆಯನ್ನು ದೂರ ಸರಿಸಿದಳು.

“ಹಂಗಾದ್ರ ಇಷ್ಟು ದಿನ ನಿಮ್ಮ ಮನ್ಯಾಗ ಎಲ್ಲಾರೂ ಕಾಯಿಸಿದ್ದ ಕುಡದೀರಿ?” ಎಂದು ಕೇಳಿದಳು.

“ಹೌದ್ರಿ ಕಾಕೂ,” ಎಂದಳು ನೂತನ.