ಸಿರಿಲನ ಯಾರ್ಕರ್, ನನ್ನ ಕಾರು

ನಮ್ಮ ಕಟ್ಟಡದ ಸಿರಿಲ್ ಬಲಗೈಯಲ್ಲಿ ಚಹಾದ ಲೋಟವನ್ನೂ ಎತ್ತುತ್ತಿರಲಿಲ್ಲ. ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿಪೆಟ್ಟಿಗೆಯನ್ನೂ ಎಡಗೈಯಲ್ಲೇ ಹಿಡಿಯುತ್ತಿದ್ದನಂತೆ. ಊಟಕ್ಕೆ ಮಾತ್ರ ವಿನಾಯಿತಿ. "ಇದು ಬೌಲಿಂಗಿನ ಕೈ ಮಾರಾಯ್ರೆ, ಭಾರ ಹೊರ್ಲಿಕ್ಕಲ್ಲ" ಎಂದು ತರಕಾರಿ ಚೀಲವನ್ನು ನನಗೇ ದಾಟಿಸುತ್ತಿದ್ದ. ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವನಾದ ನಾನು ಹೊರುತ್ತಿದ್ದೆ.

ಪ್ರತಿ ಶುಕ್ರವಾರ ಬೆಳಿಗ್ಗೆ, ಕೊಲ್ಲಿನಾಡಿನ ಕರಾಮ ಬಡಾವಣೆಯ ನಮ್ಮ ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ಟೇಪು ಸುತ್ತಿದ ಟೆನಿಸ್ ಚೆಂಡಿನ ಆಟ. ಮೊದಲ ದಿನ ನಾಯಕರಿಬ್ಬರು ಒಬ್ಬೊಬ್ಬರನ್ನೇ ಆರಿಸಿಕೊಳ್ಳುತ್ತ ಹೋದಾಗ ಕೊನೆಗೆ ಉಳಿದದ್ದು ಕಡ್ಡಿಯಂತಿದ್ದ ಸಿರಿಲ್ ಮತ್ತು ಹೊಟ್ಟೆಯಿದ್ದ ನಾನು. ಅವನನ್ನು ಮನಸ್ಸಿಲ್ಲದೆ ಸೇರಿಸಿಕೊಂಡರು, ನನ್ನನ್ನು ಅಂಪೈರ್ ಮಾಡಿದರು. ಆದರೆ ವಿಕೆಟ್ಟಿನ ಹಿಂದೆಯೇ ನನ್ನ ಕಾರು ನಿಲ್ಲುತ್ತಿತ್ತು. ಸಿಕ್ಕ ಜಾಗ ಬಿಟ್ಟರೆ ಇನ್ನೊಂದು ಸಿಗುವ ಊರಲ್ಲ ಅದು. ಹಾಗಾಗಿ ಅಂಪೈರಿನ ಜಾಗ ಬಿಟ್ಟು ಕಾರಿಗೇ ಆತು ನಿಂತು, ಸಿರಿಲ್ ಓಡಿಬಂದಾಗಲೆಲ್ಲ "ಪುಟಿಸ್ಬೇಡ ಮಾರಾಯ, ಗಾಜುಂಟು!" ಎಂದು ಕಿರುಚುತ್ತಿದ್ದೆ. ಪುಟಿಯದಂತೆ ಎಸೆಯಲು ಒಂದೇ ದಾರಿ: ಬ್ಯಾಟ್ಸ್‌ಮನ್ನನ ಕಾಲ್ಬೆರಳಿಗೇ ಯಾರ್ಕರ್. ಮೂರು ವರ್ಷದಲ್ಲಿ ಅವನ ಚೆಂಡನ್ನು ಮುಟ್ಟುವವರೇ ಇಲ್ಲವಾದರು.

ಅಬುಧಾಬಿಯ ಮೇಲ್ದರ್ಜೆಯ ತಂಡವೊಂದು ಪರೀಕ್ಷೆಗೆ ಕರೆಯಿತು. ಆಯ್ಕೆಯಾದರೆ ದೊಡ್ಡ ಲೀಗು, ತಂಡದ ಕಂಪನಿಯಲ್ಲೇ ಕೆಲಸ. ಇಲ್ಲವಾದರೆ ಮತ್ತೆ ಇಸ್ತ್ರಿಪೆಟ್ಟಿಗೆ. ನನ್ನ ಕಾರಲ್ಲೇ ಹೊರಟೆವು. ದಾರಿಯುದ್ದಕ್ಕೂ ನಾನು ಟಯರಿನ ಗಾಳಿ, ಅವನ ಭುಜ ಎರಡಕ್ಕೂ ಚಿಂತಿಸಿದೆ. ಅವನು ಗೊರಕೆ ಹೊಡೆದ.

ಎಸೆಯಲು ಕೊಟ್ಟದ್ದು ಎರಡೇ ಓವರ್. ಹಸಿರು ಹುಲ್ಲು, ತೊಗಲಿನ ಚೆಂಡು, ಕಣ್ಣು ಹಾಯಿಸಿದಷ್ಟು ದೂರ ಒಂದೂ ಕಾರಿಲ್ಲ. ಮೊದಲ ಓವರಿನಲ್ಲಿ ಎಸೆದದ್ದೆಲ್ಲ ಎದೆಮಟ್ಟಕ್ಕೆ ಪುಟಿದು ಬೌಂಡರಿ ಸೇರಿತು. ಸಿರಿಲ್ ಬೆವರೊರೆಸುತ್ತ ನನ್ನ ಬಳಿ ಓಡಿಬಂದ.

"ನೀವು ವಿಕೆಟ್ಟಿನ ಹಿಂದೆ, ಆ ಬೌಂಡರಿ ಗೆರೆ ಹತ್ರ ನಿಲ್ಲಿ ಮಾರಾಯ್ರೆ."

"ನಾನೆಂತಕ್ಕೆ?"

"ಕಾರು ಒಳಗೆ ಬಿಡೂದಿಲ್ವಲ್ಲ. ನಿಮ್ಮ ಮುಖ ಸಾಕು."

ನಿಂತೆ. ಹೆದರಿದ ಮುಖ ಮಾಡಲು ನನಗೆ ಅಭ್ಯಾಸ ಬೇಕಿರಲಿಲ್ಲ. ಎರಡನೇ ಓವರಿನಲ್ಲಿ ಮೂರು ಸಲ ಸ್ಟಂಪು ಹಾರಿತು. "ಖಲಾಸ್, ಆಯ್ತು, ಭಾನುವಾರದಿಂದ ಬಾ" ಎಂದರು ಆರಿಸುವವರು.

ಕರಾಮ ಬಿಡುವ ದಿನ ಅವನ ಚೀಲವನ್ನು ಟ್ಯಾಕ್ಸಿಯವರೆಗೆ ಹೊತ್ತವನೂ ನಾನೇ. "ಒಂದೇ ಒಂದು ಬಾಲು" ಎಂದ ಸಿರಿಲ್, ಹೊಸ ತೊಗಲಿನ ಚೆಂಡು ಹಿಡಿದು ಪಾರ್ಕಿಂಗಿನಲ್ಲಿ ಓಡಿಬಂದು, ನೆಲಕ್ಕೆ ಗುದ್ದಿ ಪುಟಿಸಿದ. ಕಾರಿನ ಬಾನೆಟ್ಟಿನ ಮೇಲೆ ಠಪ್!

"ಮೂರು ವರ್ಷ ತಡ್ಕೊಂಡಿದ್ದೆ ಮಾರಾಯ್ರೆ!" ಎಂದು ನಗುತ್ತ ಟ್ಯಾಕ್ಸಿ ಹತ್ತಿದ.

ಮತ್ತೆ ಅವನು ಸಿಕ್ಕಿಲ್ಲ. ಈಗ ಅವನಿಗೆ ಶುಕ್ರವಾರವೆಲ್ಲ ಪಂದ್ಯ. ಬಾನೆಟ್ಟಿನ ತಗ್ಗು ಹಾಗೇ ಇದೆ. ಕಾರು ತೊಳೆಯುವವನು ಅಲ್ಲಿ ಒತ್ತಿ ಒರೆಸಿದಾಗಲೆಲ್ಲ ನನಗೊಂದು ಹೊಸ ಚಿಂತೆ: ಎಲ್ಲಿ ನೆಟ್ಟಗಾಗಿಬಿಡುತ್ತದೋ!