ಮೂರು ಖಾನೆಯ ತಟ್ಟೆ

ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಡಿಪೋದಲ್ಲಿ ಅವಳ ಮಾತು ಬಂದರೆ ಸಾಕು, ಎಲ್ಲರೂ ದೇವತೆಯೊಬ್ಬಳು ಬಂದು ಹೋದಳೇನೋ ಎಂಬಂತೆ ಮುಖ ಮಾಡುತ್ತಾರೆ. ದೇವತೆಯೂ ಅಲ್ಲ, ಮಣ್ಣಂಗಟ್ಟಿಯೂ ಅಲ್ಲ. ಬಾಯಿ ಜೋರು, ಮೂಗಿನ ತುದಿಯಲ್ಲೇ ಕೋಪ, ಕೈಯಲ್ಲಿ ಸದಾ ಒಂದು ಉದ್ದ ಸೌಟು. ನಮ್ಮ ಬಸ್ ಡಿಪೋದ ಕ್ಯಾಂಟೀನು ನಡೆಸುತ್ತಿದ್ದಳು. ಎದುರಿಗೆ ಎಲ್ಲರೂ ಅಕ್ಕ ಎನ್ನುತ್ತಿದ್ದೆವು, ಬೆನ್ನ ಹಿಂದೆ ಸಪ್ಪೆಯಮ್ಮ. ಆ ಹೆಸರಿಟ್ಟವನು ನಾನೇ.

ಅವಳು ಬರುವ ಮೊದಲು ಕ್ಯಾಂಟೀನಿನಲ್ಲಿ ಗುಡ್ಡದಷ್ಟು ಅನ್ನ, ಅದರ ಪಕ್ಕದಲ್ಲಿ ಆಲೂಗಡ್ಡೆ, ಮೇಲೆ ಪಾಕದಂಥ ಚಹಾ. ಎರಡು ಟ್ರಿಪ್ಪಿನ ನಡುವೆ ನಮಗೆ ಸಿಗುತ್ತಿದ್ದದ್ದು ಇಪ್ಪತ್ತೇ ನಿಮಿಷ. ಅದರಲ್ಲಿ ನುಂಗುವುದು, ಮತ್ತೆ ಸೀಟಿನ ಮೇಲೆ ಕೂರುವುದು. ಹೀಗೆ ಇಪ್ಪತ್ತು ವರ್ಷ ಕೂತ ಮೇಲೆ ಮೂವರು ಡ್ರೈವರುಗಳಲ್ಲಿ ಒಬ್ಬನಿಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತ್ತು. ಆದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ರಕ್ತದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಶೇಕಡಾ ಎಂಟು ದಾಟಿದೆ ಎಂದು ಆಫೀಸಿಗೆ ಗೊತ್ತಾದರೆ ಸ್ಟೀರಿಂಗ್ ಕಿತ್ತುಕೊಂಡು ಟೈರು ಸೆಕ್ಷನ್ನಿಗೆ ದಬ್ಬುತ್ತಿದ್ದರು. ನನಗೂ ಎರಡು ವರ್ಷದಿಂದ ಇತ್ತು. ಮಾತ್ರೆಯನ್ನು ಬಸ್ಸಿನ ಕಾಗದಪತ್ರದ ಚೀಲದಲ್ಲಿ ಮುಚ್ಚಿಟ್ಟುಕೊಂಡು ಕದ್ದು ನುಂಗುತ್ತಿದ್ದೆ.

ಸಪ್ಪೆಯಮ್ಮ ಬಂದವಳೇ ಎಲ್ಲಿಂದಲೋ ಮೂರು ಖಾನೆಯ ಮೂವತ್ತು ಸ್ಟೀಲ್ ತಟ್ಟೆ ತಂದಳು. ಅರ್ಧ ತಟ್ಟೆಯಷ್ಟು ದೊಡ್ಡ ಖಾನೆ ತರಕಾರಿಗೆ, ಉಳಿದ ಎರಡು ಚಿಕ್ಕವು, ಒಂದು ಬೇಳೆಗೋ ಮೊಟ್ಟೆಗೋ ಮೀನಿಗೋ, ಇನ್ನೊಂದು ಅನ್ನಕ್ಕೆ. ಗೋಡೆಯ ಕಪ್ಪು ಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ‘ಸಕ್ಕರೆ ಕಾಯಿಲೆ ಇರುವವರು ಖಾನೆ ತಟ್ಟೆ ತೆಗೆದುಕೊಳ್ಳಿ. ಉಳಿದವರಿಗೆ ಗುಂಡು ತಟ್ಟೆ.’

ಅವಳ ಬುದ್ಧಿಗೆ ಏನೆನ್ನಬೇಕು? ಡ್ಯೂಟಿ ಹಾಕುವ ಸಾಹೇಬರು ಊಟಕ್ಕೆ ಕೂರುತ್ತಿದ್ದದ್ದೇ ಆ ಹಲಗೆಯ ಕೆಳಗೆ. ಚೆನ್ನಾಗಿದ್ದೀರಾ ಎಂದು ಕೇಳಿದರೂ ಕೈಗಡಿಯಾರ ನೋಡಿ ಉತ್ತರ ಹೇಳುವ ಆಸಾಮಿಯಾದ್ದರಿಂದ ನಾವು ಅವರನ್ನು ಗಡಿಯಾರ ಎನ್ನುತ್ತಿದ್ದೆವು. ಆ ಮನುಷ್ಯನ ಕಣ್ಣೆದುರು ಖಾನೆ ತಟ್ಟೆ ಎತ್ತಿಕೊಳ್ಳುವುದೂ ಹಣೆಯ ಮೇಲೆ ಚೀಟಿ ಅಂಟಿಸಿಕೊಳ್ಳುವುದೂ ಒಂದೇ. ನಾಲ್ಕೈದು ಭೋಳೆಗಳು ಎತ್ತಿಕೊಂಡವು. ನಾನು ಗುಂಡು ತಟ್ಟೆ ಹಿಡಿದು, ಇದು ಸಪ್ಪೆ ಅದು ಸಪ್ಪೆ ಎಂದು ಜೋರಾಗಿ ಗೊಣಗುತ್ತ, ಅನ್ನ ಎರಡು ಸಲ ಹಾಕಿಸಿಕೊಂಡು ತಿನ್ನುತ್ತಿದ್ದೆ.

ಒಂದು ಮಧ್ಯಾಹ್ನ ನಾನು ಮೂರನೇ ಲೋಟ ನೀರು ಕುಡಿಯುತ್ತಿದ್ದಾಗ ಅವಳು ಸೌಟು ಹಿಡಿದು ಬಂದು ನನ್ನ ಮುಂದೆ ನಿಂತಳು.

“ಎಷ್ಟು ದಿನದಿಂದ ಈ ಬಾಯಾರಿಕೆ?”

“ಸೆಕೆ ಅಕ್ಕಾ,” ಎಂದೆ.

“ಯಾವ ಸೆಕೆ? ಸ್ವೆಟರ್ ಹಾಕ್ಕೊಂಡು ಕೂತಿದೀಯ! ಕುಡಿಯೋದು, ಓಡೋದು, ಮತ್ತೆ ಬಂದು ಕುಡಿಯೋದು. ನಾನೇನು ಕುರುಡಿನಾ?” ನನ್ನ ಗುಂಡು ತಟ್ಟೆಯನ್ನು ಎಳೆದುಕೊಂಡು ಖಾನೆ ತಟ್ಟೆಯನ್ನು ಟಣ್ ಎಂದು ಇಟ್ಟಳು. “ನಿನಗೆ ಇದು. ಮರ್ಯಾದೆಯಾಗಿ ತಿನ್ನು.”

ಇಡೀ ಕ್ಯಾಂಟೀನು ತಿರುಗಿ ನೋಡಿತು. ನಾನು ತಟ್ಟೆಯನ್ನು ನೆಲಕ್ಕೆ ತಳ್ಳಿ ಬಾಯಿಗೆ ಬಂದದ್ದೆಲ್ಲ ಬೈದೆ. ಗಡಿಯಾರ ಮಾತ್ರ ತಲೆಯೆತ್ತಲಿಲ್ಲ, ಕಿಸೆಯಿಂದ ಪೆನ್ನು ತೆಗೆದರು. ಮಾರನೆಯ ದಿನ ನನಗೆ ರಕ್ತಪರೀಕ್ಷೆಯ ಆದೇಶ ಬಂತು. ಕಳೆದ ಮೂರು ತಿಂಗಳ ಸಕ್ಕರೆಯ ಜಾತಕ ಹೇಳುವ ಪರೀಕ್ಷೆ ಅದು. ಹತ್ತೂಕಾಲು ಬಂತು. ಮೂರು ತಿಂಗಳು ಟೈರು ಸೆಕ್ಷನ್. ಆಮೇಲೆ ಮರುಪರೀಕ್ಷೆ. ಅದರಲ್ಲೂ ಎಂಟರ ಕೆಳಗೆ ಇಳಿಯದಿದ್ದರೆ ಜನ್ಮದಲ್ಲಿ ಮತ್ತೆ ಸ್ಟೀರಿಂಗ್ ಮುಟ್ಟುವಂತಿಲ್ಲ.

ಸ್ಟೀರಿಂಗ್ ಹೋದರೆ ಏನು ಹೋಗುತ್ತದೆ ಎಂಬುದು ಓಡಿಸದವರಿಗೆ ತಿಳಿಯುವುದಿಲ್ಲ. ಅರವತ್ತು ಜನ ನನ್ನ ಬೆನ್ನನ್ನು ನಂಬಿ ನಿದ್ದೆ ಹೋಗುತ್ತಿದ್ದರು. ಈಗ ನಾನು ರಬ್ಬರಿನ ವಾಸನೆಯ ಶೆಡ್ಡಿನಲ್ಲಿ ಕೂತು ಸವೆದ ಟೈರುಗಳಿಗೆ ಸೀಮೆಸುಣ್ಣದಲ್ಲಿ ನಂಬರು ಬರೆಯುತ್ತಿದ್ದೆ. ಮೊದಲ ದಿನವೇ ಒಂದು ಅರ್ಜಿ ಬರೆದೆ. ಕ್ಯಾಂಟೀನಿನ ಹೆಂಗಸು ಚಾಲಕರ ಗುಟ್ಟು ಬಯಲು ಮಾಡುತ್ತಾಳೆ, ಕಂಡವರ ದೇಹದ ವಿಷಯಕ್ಕೆ ಮೂಗು ತೂರಿಸುತ್ತಾಳೆ, ಊಟ ಬಾಯಿಗಿಡಲು ಆಗುವುದಿಲ್ಲ, ಅವಳನ್ನು ತೆಗೆದುಹಾಕಬೇಕು. ಮೊದಲ ಸಹಿ ನನ್ನದು. ಸಂಜೆಯೊಳಗೆ ನಲವತ್ತೊಂದು ಸಹಿ ಬಿದ್ದವು. ಗಡಿಯಾರದ ಕೈಗೇ ಕೊಟ್ಟೆ.

ಮುಂದಿನ ಸೋಮವಾರ ಕ್ಯಾಂಟೀನಿಗೆ ಹೋದರೆ ಗುಂಡು ತಟ್ಟೆಗಳೇ ಇಲ್ಲ. ಸ್ಟ್ಯಾಂಡಿನಲ್ಲಿ ಸಾಲಾಗಿ ಹೊಳೆಯುತ್ತಿದ್ದದ್ದು ಬರೀ ಖಾನೆ ತಟ್ಟೆ, ನೂರಕ್ಕೂ ಹೆಚ್ಚು.

“ಗುಂಡು ತಟ್ಟೆ ಎಲ್ಲಿ?” ಎಂದು ಹುಡುಗ ಡ್ರೈವರುಗಳು ಕೂಗಿದರು.

“ಗುಜರಿಗೆ ಹಾಕಿದೆ.”

“ನಮಗೆ ಸಕ್ಕರೆ ಇಲ್ಲಕ್ಕಾ! ನಾವ್ಯಾಕೆ ರೋಗಿಗಳ ತಟ್ಟೇಲಿ ತಿನ್ಬೇಕು?”

“ತಟ್ಟೆಗೆ ರೋಗ ಬರಲ್ಲ ಕಣೋ. ಬೇಡ ಅಂದ್ರೆ ಅಂಗೈಯಲ್ಲಿ ಹಾಕಿಸ್ಕೊ, ಹಾಕ್ತೀನಿ.” ಆಮೇಲೆ ಸೌಟನ್ನು ಗಡಿಯಾರದ ಮೇಜಿನ ಕಡೆ ಚಾಚಿದಳು. “ಇನ್ಮೇಲೆ ಎಲ್ಲರಿಗೂ ಇದೇ. ತಟ್ಟೆ ನೋಡಿ ಹೆಸರು ಬರ್ಕೊಳ್ಳೋರು ಈಗ ಬರ್ಕೊಳ್ಳಿ, ನೋಡೋಣ. ನಿಮ್ಮದನ್ನೂ ಸೇರಿಸ್ಕೊಳ್ಳಿ ಸಾಹೇಬ್ರೇ.”

ಗಡಿಯಾರದ ಮುಖ ಇಂಗು ತಿಂದ ಹಾಗಾಯಿತು. ನನಗೆ ಒಳಗೊಳಗೇ ಖುಷಿಯಾಯಿತು, ಆದರೆ ಅವಳನ್ನು ಕ್ಷಮಿಸುವಷ್ಟಲ್ಲ. ನನ್ನ ಸ್ಟೀರಿಂಗ್ ತಿಂದ ಮೇಲೆ ಇಷ್ಟು ಬುದ್ಧಿ ಬಂದಿದ್ದರೆ ಯಾರಿಗೆ ಬೇಕು? ನನ್ನ ತಟ್ಟೆಗೆ ಬಡಿಸುವಾಗ ಅವಳು ತಪ್ಪಾಯಿತು ಎನ್ನುತ್ತಾಳೇನೋ ಎಂದು ಕಾದೆ. “ತರಕಾರಿ ಮೊದಲು, ಅನ್ನ ಕೊನೆಗೆ,” ಎಂದಳು, ಅಷ್ಟೇ.

ಊಟ ಹೇಗಿತ್ತು ಎಂದು ಹೇಳುವುದು ನನ್ನ ನಾಲಿಗೆಗೆ ಇವತ್ತಿಗೂ ಕಷ್ಟ. ಬದನೆಕಾಯಿಯನ್ನು ಎಣ್ಣೆಯಲ್ಲಿ ಮುಳುಗಿಸದೆ ಕಾದ ಕಾವಲಿಯ ಮೇಲೆ ಅಂಚು ಕರಿಕಾಗುವ ತನಕ ಸುಡುತ್ತಿದ್ದಳು, ಮೇಲೆ ಜಜ್ಜಿದ ಬೆಳ್ಳುಳ್ಳಿ, ಗಟ್ಟಿ ಮೊಸರು. ಬೀನ್ಸು ಬೇಯಿಸಿದರೆ ಹಲ್ಲಿಗೆ ಸಿಕ್ಕು ಸದ್ದಾಗಬೇಕು. ಉಪ್ಪು ಕಡಿಮೆ ಹಾಕಿ, ಇಳಿಸುವ ಹೊತ್ತಿಗೆ ನಿಂಬೆರಸ ಹಿಂಡಿ, ಹುರಿದ ಜೀರಿಗೆಯನ್ನು ಅಂಗೈಯಲ್ಲೇ ಉಜ್ಜಿ ಉದುರಿಸುತ್ತಿದ್ದಳು. ನಾಲಿಗೆಗೆ ಉಪ್ಪು ಕಡಿಮೆಯಿದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಕಾಳುಗಳನ್ನು ಹಿಂದಿನ ದಿನವೇ ನೆನೆಸಿ, ಸೊಪ್ಪಿನ ಜೊತೆ ಸಣ್ಣ ಉರಿಯಲ್ಲಿ ಬಿಡುತ್ತಿದ್ದಳು. ತರಕಾರಿ, ಕಾಳು ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು. ಅನ್ನ ಇನ್ನೊಮ್ಮೆ ಬೇಕೆಂದರೆ ಮೊದಲು ದೊಡ್ಡ ಖಾನೆ ಖಾಲಿಯಾಗಬೇಕು. ಅದು ಖಾಲಿಯಾಗುವಷ್ಟರಲ್ಲಿ ಹುಡುಗರಿಗೂ ಅನ್ನದ ನೆನಪು ಹೋಗುತ್ತಿತ್ತು.

ಬಾಗಿಲ ಬಳಿ ದಾರ ಕಟ್ಟಿ ನೇತುಹಾಕಿದ ದೂರು ಪುಸ್ತಕವಿತ್ತು. ಅದರಲ್ಲಿ ದಿನಾ ಬರೆಯುವವನು ನಾನೊಬ್ಬನೇ. ‘ಉಪ್ಪಿಲ್ಲ.’ ‘ಇದು ಊಟವೋ ಔಷಧವೋ?’ ‘ಚಹಾಕ್ಕೆ ಸಕ್ಕರೆ ಹಾಕಲು ಕೈ ಬರುವುದಿಲ್ಲವೇ?’ ಎರಡನೇ ತಿಂಗಳಿನಲ್ಲಿ ಒಂದು ದಿನ, ಕೈ ತಪ್ಪಿಯೋ ಏನೋ, ‘ಬದನೆಕಾಯಿ ಸಾಲಲಿಲ್ಲ’ ಎಂದು ಬರೆದುಬಿಟ್ಟೆ. ಮಾರನೆಯ ದಿನ ನನ್ನ ತಟ್ಟೆಯ ದೊಡ್ಡ ಖಾನೆಯಲ್ಲಿ ಬದನೆಕಾಯಿ ಉಕ್ಕುತ್ತಿತ್ತು. ಅವಳು ನನ್ನ ಮುಖ ಕೂಡ ನೋಡಲಿಲ್ಲ.

ಅಡುಗೆಮನೆಯ ಮೂಲೆಯಲ್ಲಿ ಕಪ್ಪು ಕನ್ನಡಕದ ಒಬ್ಬ ಮನುಷ್ಯ ಸ್ಟೂಲಿನ ಮೇಲೆ ಕೂತು ಕಾಳು ಬಿಡಿಸುತ್ತಿದ್ದ. ಯಾರೋ ಕೂಲಿಯವನು, ಶೋಕಿಗೆ ಕನ್ನಡಕ ಹಾಕಿದ್ದಾನೆ ಎಂದುಕೊಂಡಿದ್ದೆ. ಒಂದು ದಿನ ನೀರಿಗೆಂದು ಒಳಗೆ ಹೋದಾಗ ಹೊರಗೆ ಒಂದು ಬಸ್ಸು ಡಿಪೋಗೆ ತಿರುಗಿತು. ಆತ ಕೈ ನಿಲ್ಲಿಸಿ ತಲೆ ಓರೆಮಾಡಿದ.

“ಕ್ಲಚ್ಚು ಸುಡ್ತಾ ಇದಾನೆ. ಹೊಸಬ,” ಎಂದ.

“ನೀವು ಓಡಿಸ್ತಿದ್ರಾ?” ಎಂದೆ.

ಉತ್ತರ ಕೊಟ್ಟವಳು ಅವಳು. “ಹದಿನೆಂಟು ವರ್ಷ ಓಡಿಸಿದಾನೆ. ನನ್ನ ಅಣ್ಣ. ನಿನ್ನ ಹಾಗೇ ಮಹಾ ಬುದ್ಧಿವಂತ. ಸಕ್ಕರೆ ಇದೆ ಅಂತ ಹೆಂಡತಿಗೂ ಹೇಳಲಿಲ್ಲ. ರಸ್ತೆ ಮಂಜು ಮಂಜಾಗಿ ಕಾಣ್ತಿದೆ ಅಂತ ಗಾಜು ಒರೆಸ್ತಾ ಇದ್ದನಂತೆ, ಒಂದು ವರ್ಷ. ಈಗ ರಸ್ತೆ ದಾಟೋಕೆ ನನ್ನ ಕೈ ಬೇಕು.” ಸೌಟಿನಿಂದ ಬಾಗಿಲು ತೋರಿಸಿದಳು. “ನೀರು ಕುಡಿದಾಯ್ತಲ್ಲ, ನಡಿ.”

ಟೈರು ಶೆಡ್ಡಿಗೆ ಹೋಗಿ ಕೂತೆ. ಮಳೆಯಿಲ್ಲದ ದಿನವೂ ಎದುರಿನ ಗಾಜನ್ನು ಒರೆಸುವ ಚಾಳಿ ನನಗೂ ಶುರುವಾಗಿತ್ತು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಅವತ್ತೇ ಗಡಿಯಾರದ ಕೋಣೆಗೆ ಹೋದೆ. “ಸಾಹೇಬ್ರೇ, ಆ ಅರ್ಜಿ ವಾಪಸ್ ಕೊಡಿ.”

ಕೈಗಡಿಯಾರ ನೋಡಿಕೊಂಡರು. “ಯಾವಾಗಲೋ ಮೇಲಕ್ಕೆ ಹೋಯ್ತು ಕಣ್ರೀ. ನಾನೇ ಶಿಫಾರಸು ಬರೆದು ಕಳಿಸಿದೀನಿ. ಬಹಳ ಚೆನ್ನಾಗಿ ಬರೆದಿದ್ರಿ.”

“ಹಾಗಾದ್ರೆ ಇನ್ನೊಂದು ಬರೆದುಕೊಡ್ತೀನಿ. ಅದು ಸುಳ್ಳು ಅಂತ.”

“ಸುಳ್ಳು ಅರ್ಜಿ ಬರೆದಿದ್ದಕ್ಕೆ ಮೊದಲು ನಿಮ್ಮ ಮೇಲೆ ಕ್ರಮ ಆಗುತ್ತೆ. ಮರುಪರೀಕ್ಷೆಯೂ ಇಲ್ಲ, ಏನೂ ಇಲ್ಲ. ಬರೀತೀರಾ?”

ನಾನು ಬರೆಯಲಿಲ್ಲ. ಇದನ್ನೂ ಮುಚ್ಚಿಡದೆ ಹೇಳುತ್ತಿದ್ದೇನೆ. ಬಾಲ ಮುದುರಿಕೊಂಡು ಹೊರಗೆ ಬಂದೆ. ಮೇಲಿನ ಆಫೀಸಿನಲ್ಲಿ ಅರ್ಜಿಗಳು ಧೂಳು ತಿನ್ನುವುದೇ ಹೆಚ್ಚು, ಇದೂ ಹಾಗೇ ಆಗುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ದಿನಾ ಅವಳ ಕೈಯ ಊಟ ಉಂಡೆ.

ಮೂರು ತಿಂಗಳಾಗುವ ಹೊತ್ತಿಗೆ ನೀರಿನ ಲೋಟ ಒಂದಕ್ಕೆ ಇಳಿಯಿತು. ಬೆಲ್ಟಿಗೆ ಹೊಸ ತೂತು ಹೊಡೆಸಿದೆ. ಡಾಕ್ಟರು ಕಾಗದದ ಮೇಲೆ ಏಳೂಕಾಲು ಎಂದು ಬರೆದು, ಮಾತ್ರೆ ಬಿಡಬೇಡಿ, ಊಟ ಹೀಗೇ ಇರಲಿ ಎಂದರು. ಕಣ್ಣಿನ ಪರೀಕ್ಷೆಯಲ್ಲೂ ಪಾಸು. ಆ ಕಾಗದ ಹಿಡಿದು ಡಿಪೋಗೆ ಬಂದರೆ ನೋಟಿಸ್ ಬೋರ್ಡಿನ ಮುಂದೆ ಜನ. ಚಾಲಕರ ದೂರಿನ ಮೇರೆಗೆ ಕ್ಯಾಂಟೀನಿನ ಒಪ್ಪಂದ ರದ್ದು, ಶನಿವಾರದೊಳಗೆ ಜಾಗ ಖಾಲಿ ಮಾಡಬೇಕು. ಸಹಿ ಹಾಕಿದ್ದ ಉಳಿದ ನಲವತ್ತು ಜನರಲ್ಲಿ ಒಬ್ಬನಿಗೂ ತಾನು ಸಹಿ ಹಾಕಿದ್ದು ನೆನಪಿರಲಿಲ್ಲವಂತೆ. ಅಯ್ಯೋ ಪಾಪ ಎನ್ನುತ್ತಿದ್ದರು. ಒಬ್ಬೊಬ್ಬನ ಕಪಾಳಕ್ಕೂ ಬಾರಿಸೋಣ ಎನ್ನಿಸಿತು, ನನ್ನಿಂದಲೇ ಶುರುಮಾಡಿ.

ಶನಿವಾರ ಬೆಳಿಗ್ಗೆ, ಮೊದಲ ಟ್ರಿಪ್ಪಿಗೆ ಮುಂಚೆ, ಅಡುಗೆಮನೆಗೆ ಹೋದೆ. ಪಾತ್ರೆಗಳನ್ನೆಲ್ಲ ಚೀಲಕ್ಕೆ ತುಂಬಿದ್ದಳು. ಒಂದೇ ಒಂದು ಒಲೆ ಉರಿಯುತ್ತಿತ್ತು.

“ಅಕ್ಕಾ, ಆ ಅರ್ಜಿ ಬರೆದವನು ನಾನು,” ಎಂದೆ.

“ಗೊತ್ತು.”

“ಯಾರು ಹೇಳಿದ್ರು?”

“ಯಾಕೆ ಹೇಳ್ಬೇಕು? ಎರಡನೇ ವಾರವೇ ಆ ಗಡಿಯಾರ ನನ್ನ ಮುಂದೆ ಹಿಡಿದ, ಉತ್ತರ ಕೊಡು ಅಂತ. ಸಹಿ ಮುಚ್ಚಿ ಹಿಡಿದಿದ್ದ. ದಿನಾ ನನ್ನ ಪುಸ್ತಕದಲ್ಲಿ ಉಪ್ಪಿಲ್ಲ ಖಾರ ಇಲ್ಲ ಅಂತ ಗೀಚೋ ಕೈ, ಅದು ನನಗೆ ಗೊತ್ತಾಗಲ್ವಾ?”

“ಗೊತ್ತಿದ್ದೂ ಇಷ್ಟು ದಿನ ಊಟ ಹಾಕಿದ್ಯಾ?”

“ಊಟ ಹಾಕೋದು ನನ್ನ ಕೆಲಸ. ನಿನ್ನನ್ನ ಇಷ್ಟಪಡೋದು ನನ್ನ ಕೆಲಸ ಅಲ್ಲ.” ಒಲೆಯ ಮೇಲಿದ್ದದ್ದನ್ನು ಒಂದು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು, ನನ್ನ ಎದೆಗೆ ಒತ್ತಿ ಹಿಡಿದಳು. “ಎಲ್ಲರ ಮುಂದೆ ನಿನ್ನ ತಟ್ಟೆ ಬದಲಾಯಿಸಿದ್ದು ನನ್ನ ತಪ್ಪು. ಅದು ಇವತ್ತಿಗೆ ತೀರಿತು. ನಿನ್ನ ತಪ್ಪನ್ನ ನೀನೇ ಇಟ್ಕೊ. ಈಗ ಹೊರಡು, ನಿನ್ನ ಬಸ್ಸಿಗೆ ಹೊತ್ತಾಯ್ತು.”

ಅವತ್ತು ಡಿಪೋದಿಂದ ಬಸ್ಸು ಹೊರಗೆ ತೆಗೆದಾಗ ಕೈಗೆ ಸ್ಟೀರಿಂಗ್ ಸಿಕ್ಕ ಸುಖ ಹೇಳತೀರದು. ಎರಡನೇ ಟ್ರಿಪ್ಪಿನ ಹೊತ್ತಿಗೆ, ಡಿಪೋದ ಎದುರಿನ ನಿಲ್ದಾಣದಲ್ಲಿ ಅವಳು ನಿಂತಿದ್ದಳು. ಸುತ್ತ ಐದಾರು ಚೀಲ, ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಅಣ್ಣನ ಕೈ. ನಾನು ಬಸ್ಸನ್ನು ಅವರ ಕಾಲ ಬಳಿಯೇ ನಿಲ್ಲಿಸಿ ಬಾಗಿಲು ತೆರೆದೆ. ಸದ್ದು ಕೇಳಿದ ಅವಳಣ್ಣ ಒಂದು ಕಾಲನ್ನು ಎತ್ತಿ ಮೆಟ್ಟಿಲು ಹುಡುಕಿದ.

“ಬ್ರೇಕು ಎಷ್ಟು ಮೆತ್ತಗೆ ಹಿಡಿದ ನೋಡು. ಹಳಬ. ಯಾರಿವನು?” ಎಂದ.

ಅವಳು ನನ್ನ ಮುಖ ನೋಡಿದಳು. ಮೂರು ತಿಂಗಳಲ್ಲಿ ಅವಳು ನನ್ನನ್ನು ಸರಿಯಾಗಿ ನೋಡಿದ್ದು ಅದೊಂದೇ ಸಲ. ಆಮೇಲೆ ಅಣ್ಣನ ಕೈ ಹಿಡಿದು ಹಿಂದಕ್ಕೆ ಎಳೆದುಕೊಂಡಳು.

“ಇದು ನಮ್ಮದಲ್ಲ. ಇನ್ನೊಂದು ಬರುತ್ತೆ.”

ಹಿಂದೆ ಹಾರ್ನ್ ಹೊಡೆಯುತ್ತಿದ್ದರು. ಬಾಗಿಲು ಮುಚ್ಚಿ ಹೊರಟೆ. ಒಂದೂವರೆಗೆ, ದೂರದ ಕೊನೆಯ ನಿಲ್ದಾಣದಲ್ಲಿ, ಸೀಟಿನ ಪಕ್ಕದ ಡಬ್ಬಿ ತೆರೆದೆ. ಅರ್ಧಕ್ಕೂ ಹೆಚ್ಚು ಬದನೆಕಾಯಿ ಇತ್ತು. ಅದನ್ನು ಮೊದಲು ತಿಂದೆ, ಅನ್ನ ಕೊನೆಗೆ.